ಹೊಲ ಲಾವಣಿಗೆ, ಮನಸ್ಸು ಯಾರಿಗೆ?

ಇಂಡಿ ತಾಲೂಕಿನ ಓದುಗರೊಬ್ಬರ ಪತ್ರ: "17 ವರ್ಷ ದೋಹಾದಲ್ಲಿ ದುಡಿದು ಊರಿಗೆ ಬಂದೆ. ಹಳೇ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದೆ. ಹೊಲ ಲಾವಣಿಗೆ, ಅಂದರೆ ವರ್ಷಕ್ಕಿಷ್ಟು ರೊಕ್ಕವೆಂದು ಗುತ್ತಿಗೆಗೆ ಹಾಕಿದ್ದೇನೆ. ರೊಕ್ಕಕ್ಕೆ ಕೊರತೆಯಿಲ್ಲ, ಆದರೆ ಸಂಜೆ ಮಾತಾಡಲು ಒಬ್ಬರಿಲ್ಲ. ಮಗ ಪುಣೆಗೆ ಬಾ ಅನ್ನುತ್ತಾನೆ. ಊರಿಗೆ ಬಂದದ್ದೇ ತಪ್ಪಾಯಿತೇ?"

ಮಗನ ಮಾತಿನಲ್ಲೂ ಹುರುಳಿದೆ. ಅಪರಾತ್ರಿ ಎದೆನೋವು ಬಂದರೆ ವಿಜಯಪುರದವರೆಗೆ ಓಡಬೇಕು, ನಿಜ. ಆದರೂ ಹೋಗಬೇಡಿರೆಂದೇ ನನ್ನ ಮಾತು. ಲಾವಣಿಗೆ ಹಾಕಿದವರನ್ನು ಊರು ನೆನೆಯುವುದು ಯುಗಾದಿಗೆ ರೊಕ್ಕ ಎಣಿಸಿಕೊಡುವಾಗ ಮಾತ್ರ. ಎಳ್ಳಮಾವಾಸ್ಯೆಗೆ ನಿಮ್ಮ ಹೊಲದಲ್ಲಿ ಚರಗ ಚೆಲ್ಲುವವರು, ಭೂತಾಯಿಗೆ ಎಡೆ ಅರ್ಪಿಸುವವರು, ಬೇರೆಯವರು. ಹೀಗಿರುವಾಗ ನಿಮ್ಮ ಕಟ್ಟೆಗೆ ಯಾರಾದರೂ ಏಕೆ ಬರಬೇಕು?

ಕರಾರು ಮುಗಿದ ಕೂಡಲೇ ನಾಲ್ಕೆಕರೆ ಬಿಡಿಸಿಕೊಳ್ಳಿ, ಉಳಿದದ್ದನ್ನು ಪಾಲಿಗೆ, ಅಂದರೆ ಖರ್ಚು ಬೆಳೆ ಎರಡನ್ನೂ ಹಂಚಿಕೊಳ್ಳುವ ಮಾತಿಗೆ ಕೊಡಿ. ಪಾಲಿನಲ್ಲಿ ಬೀಜಕ್ಕೂ ಗೊಬ್ಬರಕ್ಕೂ ರಾಶಿಗೂ ಇಬ್ಬರೂ ಕೂತು ಮಾತಾಡಲೇಬೇಕು, ಜಗಳವಾದರೂ ಆಡಬೇಕು. ಎರಿ (ಕಪ್ಪು ಮಣ್ಣಿನ) ಹೊಲವಾದರೆ ಮಾಲದಂಡಿ ಬಿಳಿಜೋಳ, ಅದೇ ಎಂ 35-1 ಎಂಬ ತಳಿ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನೊಳಗೆ ಬಿತ್ತಿ. ಎಕರೆಗೆ 3 ಕೆಜಿ ಬೀಜ, ಸಾಲಿನಿಂದ ಸಾಲಿಗೆ 45 ಸೆಂ.ಮೀ. ಅವಸರಪಟ್ಟರೆ ಎಳೆ ಸಸಿಯ ಸುಳಿ ಕೆಡಿಸುವ ಸುಳಿನೊಣ ಕಾಡುತ್ತದೆ. ತಡಮಾಡಿದರೆ ಕಾಳು ಕಟ್ಟುವ ಹೊತ್ತಿಗೆ ನೆಲದ ಹಸಿ ಆರಿ, ಬುಡ ಕಪ್ಪಾಗಿ ದಂಟು ನೆಲಕ್ಕೆ ಮಲಗುತ್ತದೆ. ಎಡೆ ಹೊಡೆಯುವುದು, ಅಂದರೆ ಸಾಲಿನ ನಡುವೆ ಕುಂಟೆ ಹಾಯಿಸುವುದು, ಬರೀ ಕಸಕ್ಕಲ್ಲ, ಬಿರಿದ ಎರಿಯ ಬಾಯಿ ಮುಚ್ಚಿ ಹಸಿ ಉಳಿಸಲಿಕ್ಕೆ. ಎರಡು ಮೂರು ಸಲವಾದರೂ ಆಗಬೇಕು. ಇದೆಲ್ಲ ವಿಜಯಪುರದ ಹತ್ತಿರದ ಹಿಟ್ನಳ್ಳಿಯ ಕೃಷಿ ಕಾಲೇಜಿನಲ್ಲೂ ತಿಳಿಯುತ್ತದೆ. ಮೊದಲು ಬಾಜೂ ಹೊಲದ ಕಾಕಾನನ್ನು ಕೇಳಿ. ನಿಮ್ಮ ಸೀಮೆಯವರೇ ಆದ, ಜನಪದ ಹಾಡು ಸಂಗ್ರಹಿಸಿದ ಹಲಸಂಗಿ ಗೆಳೆಯರು ಬೀಸುವ ಹಾಡು ಕೂಡಿಸಿದ್ದು ಕೇಳುವವರಾಗಿ ಹೋಗಿ. ನೀವು ಹೇಳುವವರಾಗಿ ಬಂದಿದ್ದೀರೋ ಏನೋ!

ಫೆಬ್ರುವರಿಯಲ್ಲಿ ಜೋಳ ಕೀಳಲು ಆಳು ಸಿಗುವುದಿಲ್ಲ. ಅದಕ್ಕೆ ಮೊದಲೇ ಮುಯ್ಯಾಳಿನ (ಅವರ ಹೊಲಕ್ಕೆ ನೀವು, ನಿಮ್ಮ ಹೊಲಕ್ಕೆ ಅವರು ದುಡಿಯುವ) ಲೆಕ್ಕ ಇಟ್ಟುಕೊಳ್ಳಿ. ಕಣಿಕೆ (ಜೋಳದ ದಂಟಿನ ಮೇವು) ಮಾರಬೇಡಿ, ದನ ಕಟ್ಟಿದ ಮನೆಗೆ ಕೊಟ್ಟು ತಿಪ್ಪೆಗೊಬ್ಬರ ತನ್ನಿ.

ಹಳೇ ಮನೆ ಕೆಡವಿದ್ದಕ್ಕೆ ಬೈಯಬೇಕೆನಿಸುತ್ತದೆ. ದಪ್ಪ ಮಣ್ಣಿನ ಗೋಡೆಯ ತಂಪನ್ನು ಈಗ ಏಸಿ ಹಚ್ಚಿ ಕೊಳ್ಳುತ್ತಿದ್ದೀರಿ. ಹೊಸ ಗೋಡೆ ಬಿರಿದರೆ ಗೌಂಡಿಯನ್ನು ಹಿಡಿಯುವ ಮೊದಲು ಬುನಾದಿ ಎರಿಯ ಕೆಳಗಿನ ಗಟ್ಟಿ ಗರಸಿನವರೆಗೆ ಇಳಿದಿದೆಯೇ, ಬಚ್ಚಲ ನೀರು ಗೋಡೆ ಬುಡಕ್ಕೆ ಇಂಗುತ್ತಿದೆಯೇ ನೋಡಿ. ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ.

ನಿಮ್ಮೊಬ್ಬರದೇ ತಪ್ಪೆನ್ನಲಾರೆ. ಊರಿಗೆ ಮರಳಿದ ಎಂಜಿನಿಯರ್ ಎಂದರೆ ಪತ್ರಿಕೆಗಳಿಗೆ ಡ್ರ್ಯಾಗನ್ ಹಣ್ಣಿನ ಜತೆಗಿನ ಫೋಟೋ ಬೇಕು. ಬೋರು ಬತ್ತಿ, ಲಿಂಬೆ ಗಿಡಕ್ಕೆ ಟ್ಯಾಂಕರ್ ನೀರು ಹಾಕಿದವನ ಫೋಟೋ ಯಾರಿಗೂ ಬೇಡ. ಹೊರನಾಡಿನವರೇ ಬನ್ನಿ, ಬಂಡವಾಳ ಹೂಡಿ ಎಂದು ಕರೆಯುವವರು ಅಪ್ಪನ ಹೆಸರಿನ ಉತಾರ (ಪಹಣಿ) ಮಗನ ಹೆಸರಿಗಾಗುವ ತಾಪತ್ರಯದ ಬಗ್ಗೆ ತುಟಿ ಬಿಚ್ಚುವುದಿಲ್ಲ.

ನಿಮ್ಮ ಉತಾರವನ್ನೂ ಒಮ್ಮೆ ತೆಗೆಸಿ ನೋಡಿ. ಇನ್ನೂ ತಂದೆಯವರ ಹೆಸರೇ ಇದ್ದರೆ ಬೆಳೆಸಾಲಕ್ಕೆ ತೊಡಕು. ಮರಣ ಪ್ರಮಾಣಪತ್ರ, ವಂಶಾವಳಿ ಹಿಡಿದು ನಾಡಕಚೇರಿಯಲ್ಲಿ ವಾರಸಾ ಅರ್ಜಿ ಕೊಡಿ. ಅಣ್ಣತಮ್ಮಂದಿರ ಹಿಸೆ (ಪಾಲು) ಆಗಬೇಕಿದ್ದರೆ ನೋಂದಣಿಗೆ ಮುಂಚೆ 11ಇ ನಕ್ಷೆ, ಅಂದರೆ ಹೊಲದ ತುಂಡುಗಳನ್ನು ಅಳೆದು ತೋರಿಸುವ ಸರ್ವೇ ನಕ್ಷೆ ಬೇಕು. ಅಳತೆಗೆ ಸರ್ವೇಯರ್ ಬರುವ ದಿನ ಬಾಜೂ ಹೊಲದವರನ್ನೂ ಕರೆಯಿರಿ; ಅಂದಿನ ಊಟ ನಿಮ್ಮ ಮನೆಯಲ್ಲೇ ಇರಲಿ.