ಎರಡನೇ ಸಲ ನುಂಗಿದ ಬಿಪಿ ಮಾತ್ರೆ

ಪ್ರಶ್ನೆ: ನಮ್ಮ ಅತ್ತೆಗೆ 72 ವರ್ಷ. ಬೆಳಿಗ್ಗೆ ಆಮ್ಲೋಡಿಪಿನ್ 5 ಮಿ.ಗ್ರಾಂ. ಮಾತ್ರೆ ತೆಗೆದುಕೊಂಡಿದ್ದನ್ನು ಮರೆತು, ಮಧ್ಯಾಹ್ನ ಇನ್ನೊಂದು ನುಂಗಿದರು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಎಂದರು ಪಕ್ಕದ ಮನೆಯವರು. ಮಾಡಿಸಬೇಕಿತ್ತೇ? ಇಡೀ ಸ್ಟ್ರಿಪ್ಪೇ ನುಂಗಿದ್ದರೆ ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?
– ಓದುಗರೊಬ್ಬರು, ತಿಪಟೂರು

ಉತ್ತರ: ವಾಂತಿ ಖಂಡಿತ ಬೇಡ. ಮಂಪರಿನಲ್ಲಿದ್ದವರಿಗೆ ಅದು ಶ್ವಾಸಕೋಶಕ್ಕೆ ಇಳಿಯಬಹುದು; ಉಪ್ಪುನೀರಿನಿಂದ ರಕ್ತದಲ್ಲಿ ಸೋಡಿಯಂ ಅಪಾಯಕಾರಿಯಾಗಿ ಏರಬಹುದು. ಎರಡು ಮಾತ್ರೆ ಸೇರಿ 10 ಮಿ.ಗ್ರಾಂ., ದೊಡ್ಡವರಿಗೆ ಬರೆಯುವ ದಿನದ ಗರಿಷ್ಠ ಪ್ರಮಾಣ ಅಷ್ಟೇ. ಆದರೂ ವಯಸ್ಸಾದವರಾದ್ದರಿಂದ ವೈದ್ಯರಿಗೆ ಫೋನ್ ಮಾಡಿ ತಿಳಿಸಬೇಕು. ಈ ಔಷಧದ ಪ್ರಭಾವ ಏರುವುದು 6ರಿಂದ 12 ಗಂಟೆಯೊಳಗೆ. ಹಾಗಾಗಿ ರಾತ್ರಿಯವರೆಗೂ ಗಂಟೆಗೊಮ್ಮೆ ಬಿಪಿ ನೋಡಿ. ಬಚ್ಚಲಿಗೆ ಒಬ್ಬರನ್ನೇ ಕಳಿಸಬೇಡಿ. ಮೇಲಿನ ಅಂಕಿ 90ಕ್ಕಿಂತ ಇಳಿದರೆ, ಕಣ್ಣು ಕತ್ತಲಿಟ್ಟರೆ, ಉಸಿರು ಕಟ್ಟಿದರೆ ಆಸ್ಪತ್ರೆಗೆ ಹೊರಡಿ.

ಸ್ಟ್ರಿಪ್ ನುಂಗಿದವರ ಮಾತೇ ಬೇರೆ. ಮೊದಲ ಕೆಲವು ಗಂಟೆ ಅವರು ಆರಾಮಾಗಿ ಮಾತಾಡುತ್ತಿರಬಹುದು, ಮನೆಯವರು ಮೋಸಹೋಗುವುದು ಅಲ್ಲೇ. ಆಮೇಲೆ ರಕ್ತನಾಳಗಳು ಸಡಿಲಾಗಿ ಬಿಪಿ ಕುಸಿಯುತ್ತದೆ, ಮೂತ್ರಪಿಂಡಕ್ಕೆ ರಕ್ತ ಸಾಲದಾಗುತ್ತದೆ. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಬೇರೆ ಬಗೆಯ ಬಿಪಿ ಮಾತ್ರೆಗಳಾದರೆ ನಾಡಿಯೇ ನಿಧಾನವಾಗುತ್ತದೆ. ತಡಮಾಡದೆ 108ಕ್ಕೆ ಕರೆ ಮಾಡಿ. ಅಂಗಾತ ಮಲಗಿಸಿ ಕಾಲು ಎತ್ತರಿಸಿ. ಪ್ರಜ್ಞೆ ತಪ್ಪಿ ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ. ಖಾಲಿ ಸ್ಟ್ರಿಪ್‌ಗಳನ್ನೆಲ್ಲ ಜೊತೆಗೆ ತನ್ನಿ. ಹೆಸರಿನ ಕೊನೆಯಲ್ಲಿ ಎಕ್ಸ್‌ಎಲ್, ಇಆರ್ ಎಂದಿದ್ದರೆ ಔಷಧ ನಿಧಾನವಾಗಿ ಬಿಡುಗಡೆಯಾಗುತ್ತದೆ, ವೈದ್ಯರಿಗೆ ಅದು ಗೊತ್ತಾಗಲೇಬೇಕು.

ನುಂಗಿ ಒಂದು ಗಂಟೆಯೊಳಗೆ ಬಂದು, ಪೂರ್ಣ ಎಚ್ಚರವಿದ್ದರೆ, ಹೊಟ್ಟೆಯಲ್ಲಿರುವ ಔಷಧವನ್ನು ಹಿಡಿದಿಟ್ಟುಕೊಳ್ಳುವ ಸಕ್ರಿಯ ಇದ್ದಿಲನ್ನು, ಸಾಮಾನ್ಯವಾಗಿ 50 ಗ್ರಾಂ, ನೀರಲ್ಲಿ ಕಲಸಿ ಕುಡಿಸುತ್ತಾರೆ. ಇಸಿಜಿ ಮಾಡಿ, ಸಲೈನನ್ನು ಅಳತೆಯಲ್ಲಿ ಕೊಡುತ್ತಾರೆ. ಹೆಚ್ಚಾದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಆಮೇಲೆ ಬಿಪಿ ಏರಿಸಲು ಕ್ಯಾಲ್ಸಿಯಂ ಗ್ಲೂಕೊನೇಟ್, ನಾರ್‌ಅಡ್ರಿನಾಲಿನ್ ಎಂಬ ಔಷಧಗಳು. ಇವುಗಳಿಗೂ ಬಗ್ಗದಿದ್ದರೆ ಪ್ರತಿ ಕೆ.ಜಿ. ತೂಕಕ್ಕೆ 1 ಯೂನಿಟ್‌ನಂತೆ ಇನ್ಸುಲಿನ್, ಜೊತೆಗೆ ಗ್ಲೂಕೋಸ್. ಶುಗರ್ ಇಲ್ಲದವರಿಗೆ ಇನ್ಸುಲಿನ್ ಯಾಕೆಂದು ಗಾಬರಿಪಡಬೇಡಿ. ಮಿತಿಮೀರಿದ ಆಮ್ಲೋಡಿಪಿನ್ ಮೇದೋಜೀರಕದಿಂದ ಇನ್ಸುಲಿನ್ ಹೊರಬರದಂತೆ ತಡೆಯುತ್ತದೆ. ಸೋತ ಹೃದಯಕ್ಕೆ ಸಕ್ಕರೆ ಬೇಕು, ಅದನ್ನು ಒಳಗೆ ತಲುಪಿಸುವುದು ಇನ್ಸುಲಿನ್. ರಕ್ತದ ಸಕ್ಕರೆ, ಪೊಟ್ಯಾಸಿಯಂ ಮೇಲೆ ಸದಾ ಕಣ್ಣಿಟ್ಟಿರುತ್ತಾರೆ. ಆಮ್ಲೋಡಿಪಿನ್ ರಕ್ತದ ಪ್ರೋಟೀನಿಗೆ ಅಂಟಿಕೊಂಡಿರುವುದರಿಂದ ಡಯಾಲಿಸಿಸ್‌ನಲ್ಲಿ ಹೊರಹೋಗದು. ಅದರ ಅರ್ಧದಷ್ಟು ಕರಗಲೇ 30ರಿಂದ 50 ಗಂಟೆ ಬೇಕು. ಅದಕ್ಕೇ ಐಸಿಯುವಿನಲ್ಲಿ ದಿನಗಟ್ಟಲೆ ಇರಬೇಕಾಗುತ್ತದೆ.

ಚಿಕ್ಕ ಮಗು ಒಂದೇ ಮಾತ್ರೆ ನುಂಗಿದರೂ ತುರ್ತುಸ್ಥಿತಿಯೇ. ಬೇಕೆಂದೇ ನುಂಗಿದವರಾದರೆ ಎಷ್ಟು ಎಂದು ಎಣಿಸುತ್ತ ಕೂರದೆ ಆಸ್ಪತ್ರೆಗೆ ಕರೆದೊಯ್ಯಿರಿ, ಒಬ್ಬರನ್ನೇ ಬಿಡಬೇಡಿ, ಬೈಯಬೇಡಿ. ಮನಸ್ಸಿನ ನೋವು ಹೇಳಿಕೊಳ್ಳಲು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಎನ್ನದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.