ಕೈ ಒಂದ ಐತಿ, ಟ್ಯಾಲಿ ಪೂರಾ ಬರ್ತೈತಿ, ಆದ್ರೂ ಕೆಲ್ಸ ಕೊಡವಲ್ರು

ಈ ಸಲ ಬಂದ ಪತ್ರ, ವಾಟ್ಸಾಪ್ ಮೆಸೇಜಿನ್ಯಾಗ ನೌಕರಿ ವಿಚಾರದ್ದ ಜಾಸ್ತಿ ಇದ್ವು. ಅದರಾಗ ಮೂರು ಆರಿಸ್ಕೊಂಡೀನಿ. ಹೆಸರು ಹಾಕಬ್ಯಾಡ್ರಿ ಅಂತ ಮೂರೂ ಮಂದಿ ಕೇಳ್ಯಾರ, ಅದಕ್ಕ ಹಾಕಿಲ್ಲ.

ಪ್ರಶ್ನೆ: ಅಕ್ಕಾರ, ನಮಸ್ಕಾರ. ನನ್ನೂರು ನವಲಗುಂದ ಹತ್ರ. ಪಿಯುಸಿ ಓದುವಾಗ ರಾಶಿ ಮಷಿನ್ಯಾಗ ಎಡಗೈ ಸಿಕ್ಕಿತ್ತು, ಮೊಣಕೈ ಕೆಳಗ ತಗದ್ರು. ಆಮ್ಯಾಲೆ ಬಿಕಾಂ ಮುಗಿಸಿ ಹುಬ್ಬಳ್ಯಾಗ ಟ್ಯಾಲಿ (ಕಂಪ್ಯೂಟರಿನ್ಯಾಗ ಲೆಕ್ಕಪತ್ರ ಬರಿಯೂ ಸಾಫ್ಟ್‌ವೇರ್) ಕ್ಲಾಸೂ ಮಾಡೀನಿ. ಗೋಕುಲ ರೋಡ್, ತಾರಿಹಾಳ ಎಲ್ಲಾ ಕಡೆ ಇಂಟರ್‌ವ್ಯೂಕ್ಕ ಹೋಗಿ ಬಂದೆ. ಫೋನಿನ್ಯಾಗ ಚೊಲೊ ಮಾತಾಡ್ತಾರ, ಎದುರಿಗೆ ಹೋಗಿ ಕುಂತ ಕೂಡ್ಲೆ ಕೈ ನೋಡ್ತಾರ, "ಹೇಳಿ ಕಳಸ್ತೀವಿ" ಅಂತಾರ. ಇಲ್ಲೀತನ ಯಾರೂ ಹೇಳಿ ಕಳ್ಸಿಲ್ಲ. ಬಯೋಡೇಟಾದಾಗ ಮೊದ್ಲ ಬರದ್ ಬಿಡ್ಲೋ ಏನ್ ಮುಚ್ಚಿಡ್ಲೋ? ಫುಲ್ ಶರ್ಟ್ ಹಾಕ್ಕೊಂಡು ಹೋಗು, ಗೊತ್ತಾಗಂಗಿಲ್ಲ ಅಂತಾರ ಗೆಳ್ಯಾರು.

ಉತ್ತರ: ಫುಲ್ ಶರ್ಟ್ ಹಾಕ್ಕೊ ತಮ್ಮಾ, ಇಂಟರ್‌ವ್ಯೂಕ್ಕ ಚೊಲೊ ಕಾಣ್ತೈತಿ, ಆದ್ರ ಕೈ ಮುಚ್ಚೂ ಸಲುವಾಗಿ ಬ್ಯಾಡ. ನಾ ಎಚ್‌ಆರ್‌ನ್ಯಾಗ, ಅಂದ್ರ ಕೆಲ್ಸಕ್ಕ ಮಂದಿ ಆರಿಸೂ ವಿಭಾಗದಾಗ, ಕೆಲ್ಸ ಮಾಡಿದಾಕಿ, ಟೇಬಲ್ಲಿನ ಆ ಕಡೆ ಕುಂತವರ ತಲ್ಯಾಗ ಏನ್ ನಡದಿರ್ತೈತಿ ಹೇಳ್ತೀನಿ ಕೇಳು. ಭಾಳ ಮಂದಿ ಕೆಟ್ಟವ್ರಲ್ಲ. "ಇಂವಾ ಒಂದ ಕೈಲೆ ಹೆಂಗ ಟೈಪ್ ಮಾಡ್ತಾನ, ಬಿಲ್ ಫೈಲ್ ಹೆಂಗ ಜೋಡಸ್ತಾನ, ಸ್ಟಾಕ್ ಎಣಸಾಕ ಗೋಡೌನಿಗೆ ಕಳಿಸಿದ್ರ ಏನ್ ಮಾಡ್ತಾನ" ಅನ್ನೂ ಪ್ರಶ್ನೆ ಇರ್ತಾವು, ಆದ್ರ ಬಾಯಿ ಬಿಟ್ಟು ಕೇಳಾಕ ಸಂಕೋಚ, ಕೇಳಿದ್ರ ಹುಡುಗನ ಮನಸಿಗೆ ಹತ್ತೀತು ಅಂತ ಸುಮ್ನಾಗ್ತಾರ, ಕೇಳದ ಪ್ರಶ್ನಿಗೆ ತಾವ ಉತ್ತರಾನೂ ಕೊಟ್ಕೊಂಡ್ ಬಿಡ್ತಾರ, ಮತ್ತ ಆ ಉತ್ತರ "ಆಗೂದಿಲ್ಲ ಬಿಡು" ಅಂತನ ಇರ್ತೈತಿ. ಹಂಗಾಗಿ ಅವರು ಕೇಳೂ ಮೊದ್ಲ ನೀನ ಹೇಳ್ಬೇಕು, ಕುಂತು ನಮಸ್ಕಾರ ಆದ ಮ್ಯಾಲೆ ಮೊದಲ್ನೇ ಎರಡು ನಿಮಿಷದಾಗ.

ಏನ್ ಹೇಳೂದು? ಇಷ್ಟ: "ಸರ, ನನಗ ಎಡಗೈ ಇಲ್ಲ. ಕಂಪ್ಯೂಟರ್ ಮ್ಯಾಲೆ ಬಲಗೈಲೆ ಕೆಲ್ಸ ಮಾಡ್ತೀನಿ. ಬೇಕಂದ್ರ ಈಗ ಒಂದು ಹತ್ತು ವೋಚರ್ ಎಂಟ್ರಿ ಹೊಡದು ತೋರಸ್ತೀನಿ." ಮುಗೀತು. ರಾಶಿ ಮಷಿನ್ನಿನ ಕತಿ ಪೂರ್ತಿ ಹೇಳಾಕ ಹೋಗಬ್ಯಾಡ, ಯಾವ ದವಾಖಾನಿ, ಎಷ್ಟು ಖರ್ಚಾತು, ಅವ್ವ ಎಷ್ಟು ಅತ್ಳು, ಅವೆಲ್ಲಾ ಅಲ್ಲಿ ಬ್ಯಾಡ. ಅದನ್ನ ಕೇಳಿದವ್ರು ಅಯ್ಯೋ ಪಾಪ ಅಂತಾರ, ಚಾ ಕುಡಸ್ತಾರ, ಕೆಲ್ಸ ಕೊಡೂದಿಲ್ಲ.

ತೋರಸ್ತೀನಿ ಅಂದ ಮ್ಯಾಲೆ ತೋರಸಾಕ ಬರಬೇಕಲ್ಲ, ಅದಕ್ಕ ಮನ್ಯಾಗ ತಯಾರಿ ಮಾಡು. ಟ್ಯಾಲಿಯೊಳಗ ಎಫ್5 ಪೇಮೆಂಟು, ಎಫ್6 ರಿಸೀಟು, ಎಫ್8 ಸೇಲ್ಸು, ಎಫ್9 ಪರ್ಚೇಸು, ಇವಕ್ಕೆಲ್ಲಾ ಒಂದ ಬಟ್ಟು ಸಾಕು. ತ್ರಾಸು ಆಗೂದು ಕಂಟ್ರೋಲ್-ಎ, ಆಲ್ಟ್-ಸಿ ಅಂಥಾ ಎರಡೆರಡು ಕೀ ಕೂಡಿ ಒತ್ತೂವು ಬಂದಾಗ. ವಿಂಡೋಸ್‌ನ್ಯಾಗ ಸ್ಟಿಕಿ ಕೀಸ್ ಅಂತ ಒಂದು ಸವಲತ್ತು ಐತಿ, ಶಿಫ್ಟ್ ಕೀ ಐದು ಸಲ ಒತ್ತಿದ್ರ ಆನ್ ಮಾಡ್ಲೇನು ಅಂತ ಅದ ಕೇಳ್ತೈತಿ, ಯೆಸ್ ಅನ್ನು. ಆಮ್ಯಾಲೆ ಕಂಟ್ರೋಲ್ ಒತ್ತಿ ಬಿಟ್ಟು ಎ ಒತ್ತಿದ್ರೂ ಕೂಡೇ ಒತ್ತಿದಂಗ ಲೆಕ್ಕ. ರೊಕ್ಕ ಕೊಡೂದಿಲ್ಲ, ಸಾಫ್ಟ್‌ವೇರ್ ಹಾಕೂದಿಲ್ಲ. ಇಂಟರ್‌ವ್ಯೂದಾಗ ಅವರ ಕಂಪ್ಯೂಟರಿನ ಮುಂದ ಕುಂತು ನೀ ಇದನ್ನ ಆನ್ ಮಾಡಿದ್ರ ಅದ ಅರ್ಧ ಉತ್ತರ ಆಗ್ತೈತಿ, ಇವ ತನ್ನ ಕೆಲ್ಸದ ದಾರಿ ತಾನ ಹುಡುಕ್ಯಾನ ಅಂತ ಅವರಿಗೆ ಕಾಣ್ತೈತಲ್ಲ. ಬಿಲ್ಲಿಗೆ ಪಂಚ್ ಹೊಡ್ಯೂದು, ಸ್ಟೇಪಲ್ ಹಾಕೂದು, ಚೀಲದಾಗಿನ ಫೈಲ್ ತಗದು ಟೇಬಲ್ ಮ್ಯಾಲೆ ಇಡೂದು, ಇವನ್ನೂ ಮಾಡಿ ನೋಡ್ಕೊ. ಒಂದು ಯಾವುದರ ಆಗೂದೇ ಇಲ್ಲಂದ್ರ ಸೀದಾ ಹೇಳು, "ಭಾರದ ಬಾಕ್ಸ್ ಎತ್ತಾಕ ಒಬ್ಬರ ಸಹಾಯ ಬೇಕಾಗ್ತೈತ್ರಿ" ಅಂತ. ಎಲ್ಲಾ ಬರ್ತೈತಿ ಅನ್ನಾವನ ಮ್ಯಾಲೆ ಯಾರಿಗೂ ನಂಬಿಕಿ ಕೂಡೂದಿಲ್ಲ, ಎರಡೂ ಕೈ ಇದ್ದವ ಅಂದ್ರೂ ಕೂಡೂದಿಲ್ಲ.

ಇನ್ನ ಬಯೋಡೇಟಾ. ಮ್ಯಾಲ ಬರಿಯಾಕ ಹೋಗಬ್ಯಾಡ, ಮ್ಯಾಲ ಇರಬೇಕಾದ್ದು ಬಿಕಾಂ, ಟ್ಯಾಲಿ, ಜಿಎಸ್‌ಟಿ ರಿಟರ್ನ್ ಬರ್ತಿದ್ರ ಅದು. ಕೆಳಗ ಒಂದು ಸಾಲು ಹಾಕಿದ್ರ ಹಾಕು, ಬಿಟ್ರೂ ನಡೀತೈತಿ. ಆದ್ರ ಇಂಟರ್‌ವ್ಯೂ ದಿನ ಗೊತ್ತಾದ ಮ್ಯಾಲೆ ಫೋನ್ ಮಾಡಿದವರಿಗೆ ನೀನ ಹೇಳ್ಬಿಡು, ಒಂದ ಮಾತಿನ್ಯಾಗ. ಆ ಮಾತು ಕೇಳಿ ಕರಿಯೂದ ಬಿಟ್ರು ಅಂದ್ರ ನಿನ್ನ ಬಸ್ ಚಾರ್ಜ್ ಉಳೀತು.

ಕಾಯ್ದೆ ಬಗ್ಗೆನೂ ತಿಳ್ಕೊಂಡಿರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರಕಾರ ಸರ್ಕಾರಿ ನೌಕರಿಯೊಳಗ ಕಮ್ಮೀತ ಕಮ್ಮಿ ನೂರಕ್ಕ 4 ಮೀಸಲು, ಅಂಗವೈಕಲ್ಯ ನೂರಕ್ಕ 40 ಇಲ್ಲಾ ಅದರ ಮ್ಯಾಲಿದ್ದವರಿಗೆ. ನಿನ್ನಂಥಾ ಕೇಸು 40ಕ್ಕಿಂತ ಮ್ಯಾಲ ಹೋಗ್ತೈತಿ. ಪ್ರೈವೇಟ್‌ನವರಿಗೆ ಮೀಸಲಾತಿ ಕಡ್ಡಾಯ ಇಲ್ಲ, ಆದ್ರ ಸಮಾನ ಅವಕಾಶ ನೀತಿ ಅಂತ ಒಂದನ್ನ ಅವರೂ ಮಾಡಿಡಬೇಕು, 20 ಮತ್ತ ಅದಕ್ಕಿಂತ ಹೆಚ್ಚು ನೌಕರರು ಇದ್ದಲ್ಲಿ ಯಾವ ಯಾವ ಹುದ್ದೆ ವಿಕಲಚೇತನರಿಗೆ ಸರಿಹೊಂದ್ತಾವು ಅನ್ನೂದೂ ಅದರಾಗ ಇರಬೇಕು. ಇದನ್ನ ಇಂಟರ್‌ವ್ಯೂದಾಗ ಹಿಡ್ಕೊಂಡು ಜಗಳಕ್ಕ ನಿಲ್ಲಬ್ಯಾಡ, ದೊಡ್ಡ ಕಂಪನಿಗೆ ಅರ್ಜಿ ಹಾಕೂ ಮೊದ್ಲ ಎಚ್‌ಆರ್‌ಗೆ ಮೇಲ್ ಹಾಕಿ ಆ ನೀತಿ ಕಳಸ್ರಿ ಅಂತ ಕೇಳು. ಉತ್ತರ ಬಂದಲ್ಲಿ ಮೊದ್ಲ ಹೋಗು. ವಿಕಲಚೇತನರಿಗೆ ಸರ್ಕಾರ ಕೊಡೂ ಗುರುತಿನ ಚೀಟಿ, ಅಂದ್ರ ಯುಡಿಐಡಿ ಕಾರ್ಡ್, ಮಾಡಿಸಿಲ್ಲಂದ್ರ ಸ್ವಾವಲಂಬನ್ ಕಾರ್ಡ್ ವೆಬ್‌ಸೈಟಿನ್ಯಾಗ ಅರ್ಜಿ ಹಾಕು, ಅರ್ಜಿ ಹಾಕಾಕ ಬರದಿದ್ರ ನಿಮ್ಮ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನ ಹಿಡಿ, ಅವರ ಕೆಲ್ಸನ ಅದು. ಕಾರ್ಡಿಲ್ಲದ ಸರ್ಕಾರಿ ಅರ್ಜಿ ಹಾಕಾಕ ಕುಂತ್ರ ಕಡೀ ದಿನ ಒದ್ದಾಡ್ತಿ.

ಪ್ರಶ್ನೆ: ನಾನು ಗದಗಿನಾಕಿ, ಬಿಸಿಎ ಆಗೇತ್ರಿ. ಎರಡೂ ಕಿವಿಗೆ ಮಷಿನ್ ಹಾಕ್ಕೋತೀನಿ. ಎದುರಿಗೆ ಕುಂತು ಮಾತಾಡಿದ್ರ ತಿಳೀತೈತಿ, ಫೋನಿನ್ಯಾಗ ಅರ್ಧ ತಿಳಿಯೂದಿಲ್ಲ. ಈಗ ಎಲ್ಲಾರೂ ಮೊದಲ್ನೇ ರೌಂಡ್ ಫೋನಿನ್ಯಾಗ ಮಾಡ್ತಾರ. ಅವ್ವ ಫೋನ್ ಸ್ಪೀಕರ್‌ಗೆ ಹಾಕಿ ನನ್ನ ಬದಲಿ ಉತ್ತರ ಹೇಳ್ತಾಳ, ಅಲ್ಲೇ ರಿಜೆಕ್ಟ್ ಆಗ್ತೈತಿ.

ಉತ್ತರ: ತಂಗಿ, ನಿಮ್ಮವ್ವನ ಕಾಳಜಿ ನನಗ ತಿಳೀತೈತಿ, ಆದ್ರ ಅವ್ವ ಮಾತಾಡಿದ ಕೂಡ್ಲೆ ಆ ಕಡೆಯವ್ರಿಗೆ "ನಾಳೆ ಆಫೀಸಿನ್ಯಾಗೂ ಅವ್ವನ್ನ ಕರಕೊಂಡು ಬರ್ತಾಳೇನು" ಅನ್ನಸ್ತೈತಿ. ಅರ್ಜಿ ಹಾಕೂವಾಗ್ಲೇ ಮೇಲ್‌ನ್ಯಾಗ ಬರಿ: ನನಗ ಕಿವಿ ಕಮ್ಮಿ, ಫೋನ್ ಬದಲಿ ವಿಡಿಯೋ ಕಾಲ್ ಇಲ್ಲಾ ಚಾಟ್‌ನ್ಯಾಗ ಪ್ರಶ್ನೆ ಕೇಳ್ರಿ, ಉತ್ತರ ಟೈಪ್ ಮಾಡಿ ಇಲ್ಲಾ ಮಾತಾಡಿ ಕೊಡ್ತೀನಿ ಅಂತ. ವಿಡಿಯೋ ಕಾಲಿನ್ಯಾಗ ಅವರ ಮಾರಿ ಮ್ಯಾಲೆ ಬೆಳಕು ಬೀಳಂಗ ಕುಂದ್ರಾಕ ಹೇಳು, ತುಟಿ ಕಂಡ್ರ ನಿನಗ ಎಷ್ಟು ಅನುಕೂಲ ಅನ್ನೂದು ಅವರಿಗೆ ಗೊತ್ತಿರೂದಿಲ್ಲ. ಮಾತನ್ನ ಅಕ್ಷರ ಮಾಡಿ ತೋರ್ಸೂ ಲೈವ್ ಟ್ರಾನ್ಸ್‌ಕ್ರೈಬ್ ಅನ್ನೂ ಆ್ಯಪ್ ಆಂಡ್ರಾಯ್ಡ್‌ನ್ಯಾಗ ಪುಕ್ಕಟೆ ಸಿಗ್ತೈತಿ, ಕನ್ನಡಕ್ಕೂ ಬರ್ತೈತಿ, ನಮ್ಮ ಕಡೆ ಮಾತಿಗೆ ಸ್ವಲ್ಪ ತಡವರಸ್ತೈತಿ ಅಷ್ಟ. ಎದುರಿಗೆ ಕರದ್ರ ಅದನ್ನ ಟೇಬಲ್ ಮ್ಯಾಲೆ ಇಟ್ಟು, ಯಾಕ ಇಟ್ಟೀನಿ ಅಂತ ಹೇಳಿ ಶುರು ಮಾಡು. ತಿಳೀದಿದ್ರ ತಲಿ ಅಲ್ಲಾಡಸಬ್ಯಾಡ! ಕಿವಿ ಕಮ್ಮಿ ಇದ್ದ ಭಾಳ ಮಂದಿಗೆ ಈ ರೂಢಿ ಇರ್ತೈತಿ, ಮನ್ಯಾಗ ನಡೀತೈತಿ, ಸಂಬಳ ಎಷ್ಟು ಬೇಕು ಅಂದಾಗ ಹೂಂ ಅಂದ್ರ ಕೆಲ್ಸ ಕೆಡ್ತೈತಿ. "ಇನ್ನೊಮ್ಮೆ ಹೇಳ್ರಿ" ಅನ್ನು, ಇಲ್ಲಾ ಬರದು ಕೊಡ್ರಿ ಅನ್ನು. ಬಿಸಿಎ ಆಗೇತಲ್ಲ, ಟೆಸ್ಟಿಂಗ್, ಡೇಟಾ ಕೆಲ್ಸದ ಕಡೆ ಜಾಸ್ತಿ ನೋಡು, ಕಾಲ್ ಸೆಂಟರ್ ಜಾಹೀರಾತು ಬಿಡು. ಬೆಂಗಳೂರಿನ ಸಮರ್ಥನಂ, ಎನೇಬಲ್ ಇಂಡಿಯಾ ಅನ್ನೂ ಎರಡೂ ಸಂಸ್ಥೆಯವ್ರು ವಿಕಲಚೇತನರಿಗೆ ಟ್ರೇನಿಂಗ್ ಕೊಟ್ಟು ಕೆಲ್ಸಕ್ಕ ಜೋಡಸ್ತಾರ, ಅವರಿಗೂ ಬಯೋಡೇಟಾ ಕಳಸು.

ಪ್ರಶ್ನೆ: ಹಾವೇರಿಯಿಂದ ಒಬ್ಬ ತಾಯಿ. ಮಗನಿಗೆ ದೃಷ್ಟಿ ಭಾಳ ಕಮ್ಮಿ, ಡಿಗ್ರಿ ಮುಗಿದೈತಿ, ಬ್ಯಾಂಕ್ ಪರೀಕ್ಷೆ ಬರೀತೀನಿ ಅಂತಾನ. ಸುಮ್ನ ಗದಗಕ್ಕ ಕಳಸ್ರಿ, ಸಂಗೀತ ಕಲೀಲಿ ಅಂತಾರ ಬೀಗರು. ಏನ್ ಮಾಡ್ಲಿ?

ಉತ್ತರ: ಅವ್ವಾರ, ಕಣ್ಣಿಲ್ಲದವರಿಗೆ ಸಂಗೀತ ಕಲಸೂ ಗದಗಿನ ವೀರೇಶ್ವರ ಪುಣ್ಯಾಶ್ರಮದ ಮ್ಯಾಲೆ, ಅದನ್ನ ನಡಸಿದ ಪುಟ್ಟರಾಜ ಗವಾಯಿಗಳ ಮ್ಯಾಲೆ ನನಗೂ ಭಕ್ತಿ ಐತಿ. ಆದ್ರ ಹಾಡಾಕ ಮನಸ್ಸಿಲ್ಲದ ಹುಡುಗನ ಕೈಯಾಗ ಹಾರ್ಮೋನಿಯಂ ಕೊಟ್ಟು ಏನ್ ಮಾಡ್ತೀರಿ? ಬರೀಲಿ ಬಿಡ್ರಿ. ಕೇಂದ್ರ ಸರ್ಕಾರದ ಮಾರ್ಗಸೂಚಿ ಪ್ರಕಾರ ತಾಸಿಗೆ 20 ನಿಮಿಷ ಹೆಚ್ಚಿಗೆ ಟೈಮ್ ಸಿಗ್ತೈತಿ, ಬರ್ಯಾಕ ಸಹಾಯಕರನ್ನ ತಗೋಬಹುದು. ಬ್ಯಾಂಕ್ ಪರೀಕ್ಷೆಗೆ ವಯಸ್ಸಿನ್ಯಾಗ 10 ವರ್ಷ ಸಡಿಲಿಕಿನೂ ಐತಿ. ಓದಾಕ ಎನ್‌ವಿಡಿಎ ಅನ್ನೂ ಸ್ಕ್ರೀನ್ ರೀಡರ್ ಪುಕ್ಕಟೆ, ಕಂಪ್ಯೂಟರ್ ಮ್ಯಾಲೆ ಬಂದದ್ದನ್ನ ಓದಿ ಹೇಳ್ತೈತಿ, ಕನ್ನಡಾನೂ ಓದ್ತೈತಿ. ಸಹಾಯಕರ ನಿಯಮ ಮಾತ್ರ ನೋಟಿಫಿಕೇಶನ್ ಜೊತಿನ ಬಂದಿರ್ತೈತಿ, ಅದನ್ನ ಹಾಲ್ ಟಿಕೆಟ್ ಬಂದ ಮ್ಯಾಲೆ ನೋಡೂಣು ಅಂತ ಬಿಡಬ್ಯಾಡ್ರಿ, ಸಹಾಯಕರನ್ನ ನಾವ ಕರಕೊಂಡು ಬರಬಹುದೇನು, ಅವರ ವಿದ್ಯಾರ್ಹತೆ ಎಷ್ಟಿರಬೇಕು ಅನ್ನೂದನ್ನ ಅದರಾಗ ಓದ್ರಿ, ಬರಬಹುದು ಅಂತಿದ್ರ ಅಂಥಾ ಸಹಾಯಕನನ್ನ ಈಗ್ಲೇ ಹುಡುಕಿ ಇಟ್ಕೋರಿ, ಮಾಕ್ ಟೆಸ್ಟ್ ಇಬ್ಬರೂ ಕೂಡೇ ಬರೀಲಿ.