‘ಹೌದು’ಗೆ ಟಿಕ್ ಹಾಕಲೋ, ಬೇಡವೋ?

ಪ್ರಶ್ನೆ: ಮಗ ಮೂರನೇ ಕ್ಲಾಸು. ರಾತ್ರಿ ಬಾಯಿಪಾಠ ಮಾಡಿದ ನಾಲ್ಕರ ಮಗ್ಗಿ ಬೆಳಿಗ್ಗೆ ಅಷ್ಟೂ ಮರೆತಿರುತ್ತದೆ. ಸಣ್ಣದಕ್ಕೂ ರಂಪ. ಮುಂದಿನ ತಿಂಗಳು ಆಸ್ಪತ್ರೆಯಲ್ಲಿ ಅಸೆಸ್‌ಮೆಂಟ್ ಇದೆ. ಅವರು ಕೊಟ್ಟ ಫಾರಂನಲ್ಲಿ ‘ಗರ್ಭಿಣಿಯಾಗಿದ್ದಾಗ ತಾಯಿ ಮದ್ಯ ಸೇವಿಸಿದ್ದರೇ?’ ಎಂಬ ಪ್ರಶ್ನೆಯಿದೆ. ಬಸುರಿ ಅಂತ ಗೊತ್ತಾಗುವ ಮೊದಲು ಸುಮಾರು ಎರಡು ತಿಂಗಳು ವೀಕೆಂಡ್ ಪಾರ್ಟಿಗಳಲ್ಲಿ ಕುಡಿದಿದ್ದೆ. ಗಂಡ ‘ಅದನ್ನೆಲ್ಲ ಬರೆಯಬೇಡ’ ಅನ್ನುತ್ತಾರೆ. ಅತ್ತೆಗೆ ವಿಷಯ ಗೊತ್ತಿಲ್ಲ, ಆ ದಿನ ಅವರೂ ಬರುತ್ತಾರಂತೆ. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

‘ಹೌದು’ಗೆ ಟಿಕ್ ಹಾಕಿ. ಪಕ್ಕದಲ್ಲಿ ಜಾಗ ಇದ್ದರೆ ಯಾವ ತಿಂಗಳು, ವಾರಕ್ಕೆ ಎಷ್ಟು ಸಲ, ಒಂದು ಸಲಕ್ಕೆ ಎಷ್ಟು ಪೆಗ್ ಅಥವಾ ಗ್ಲಾಸ್ ಅಂತಲೂ ಬರೆಯಿರಿ. ‘ಸ್ವಲ್ಪ’ ಅಂದರೆ ಡಾಕ್ಟರಿಗೆ ಏನೂ ತಿಳಿಯೋದಿಲ್ಲ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಫೀಟಲ್ ಆಲ್ಕೋಹಾಲ್ ತೊಂದರೆಯನ್ನು (ಬಸುರಿನಲ್ಲಿ ತಾಯಿ ಕುಡಿದ ಮದ್ಯದಿಂದ ಮಗುವಿಗೆ ಆಗುವ ಹಾನಿ) ಹಿಡಿದುಕೊಡುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಮುಖದಲ್ಲಿ ಮೂರು ಗುರುತು ನೋಡುತ್ತಾರೆ: ಕಿರಿದಾದ ಕಣ್ಣು, ತೆಳು ಮೇಲ್ತುಟಿ, ಮೂಗು ಮತ್ತು ತುಟಿಯ ನಡುವಿನ ಪುಟ್ಟ ಹಳ್ಳ ಸಪಾಟಾಗಿರುವುದು. ಆದರೆ ಎಷ್ಟೋ ಮಕ್ಕಳ ಮುಖದಲ್ಲಿ ಇದ್ಯಾವುದೂ ಇರೋದಿಲ್ಲ, ಪೆಟ್ಟು ಬಿದ್ದಿರೋದು ಮೆದುಳಿಗೆ ಮಾತ್ರ. ಆಗ ತಾಯಿಯ ಮಾತೇ ಆಧಾರ. ಅದಿಲ್ಲದಿದ್ದರೆ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಅಂತಷ್ಟೇ ಬರೆದು ಕಳಿಸಿಬಿಡಬಹುದು. ಹಾಗಂತ ಮಗನಿಗೆ ಇದೇ ತೊಂದರೆ ಅಂತ ಈಗಲೇ ತೀರ್ಮಾನಿಸಬೇಡಿ. ಕಿವಿ, ಕಣ್ಣು, ನಿದ್ದೆ ಯಾವುದರಿಂದಲೂ ಇರಬಹುದು. ಕಿವಿ, ಕಣ್ಣಿನ ಪರೀಕ್ಷೆಯನ್ನಂತೂ ಮೊದಲೇ ಮುಗಿಸಿಕೊಳ್ಳಿ.

ಅತ್ತೆಯ ವಿಷಯ ಅಷ್ಟು ಕಷ್ಟದ್ದಲ್ಲ. ಮೊದಲೇ ಆಸ್ಪತ್ರೆಯವರಿಗೆ ಫೋನ್ ಮಾಡಿ, ‘ಹತ್ತು ನಿಮಿಷ ನಾನೊಬ್ಬಳೇ ಮಾತಾಡಬೇಕು’ ಅನ್ನಿ. ಇಂಥ ಮಾತು ಅವರಿಗೆ ಹೊಸದಲ್ಲ. ಆ ಹೊತ್ತಿಗೆ ಅತ್ತೆ, ಮೊಮ್ಮಗ ಕ್ಯಾಂಟೀನಿನಲ್ಲಿರಲಿ. ಸ್ಕೂಲಿಗೆ ಕೊಡೋದಕ್ಕೆ ಬಸುರಿನ ವಿವರ ಇಲ್ಲದ ಬೇರೆ ಪತ್ರ ಕೇಳಿ. ಯಜಮಾನರು ಹೆದರಿರೋದು ಆ ಕಾಗದ ಯಾರ ಕೈಗೆ ಸಿಗುತ್ತೋ ಅಂತ ಇರಬೇಕು, ಅಲ್ವಾ?

ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಕಾಗದ ಹುಡುಕಿಡಿ. ಹುಟ್ಟಿದಾಗಿನ ತೂಕ, ತಲೆಯ ಸುತ್ತಳತೆ ಅದರಲ್ಲಿ ಸಿಗಬಹುದು. ಎರಡು ಮೂರು ವರ್ಷದವನಿದ್ದಾಗ ಎದುರಿನಿಂದ ತೆಗೆದ ಫೋಟೋ ಬೇಕು, ನಗದೇ ಇರೋದು. ನಕ್ಕರೆ ಯಾರ ತುಟಿಯಾದರೂ ತೆಳುವಾಗುತ್ತೆ. (ನಮ್ಮ ಆಲ್ಬಮ್‌ಗಳಲ್ಲಿ ನಗದ ಫೋಟೋ ಸಿಗೋದೇ ಕಷ್ಟ!) ಟೀಚರ್ ಹತ್ತಿರ ನಾಲ್ಕು ಸಾಲು ಬರೆಸಿಕೊಳ್ಳಿ. ಒಂದು ವಾರ ಡೈರಿ ಬರೆಯಿರಿ. ‘ತುಂಬಾ ಹಟ’ ಅಂತಲ್ಲ, ‘ಕರಿಬೇವು ತರೋಕೆ ಕಳಿಸಿದ್ದೆ, ಅಂಗಡಿ ಮುಂದೆ ನಿಂತು ಏನು ತರಬೇಕು ಅನ್ನೋದೇ ಮರೆತು ವಾಪಸ್ ಬಂದ’ ಅನ್ನೋ ಥರ.

ಇನ್ನು ನಿಮ್ಮ ಮಾತು. ಗೊತ್ತಿದ್ದೂ ಮಗುವಿಗೆ ಕೆಟ್ಟದ್ದು ಮಾಡಿದವರಲ್ಲ ನೀವು. ಅಮೆರಿಕದ ಸಿಯಾಟಲ್‌ನ ಡಾಕ್ಟರುಗಳು ಈ ತೊಂದರೆಗೆ ಹೆಸರಿಟ್ಟಿದ್ದೇ 1973ರಲ್ಲಿ. ನಮ್ಮಲ್ಲಿ ಇವತ್ತಿಗೂ ಬಸುರಿಯನ್ನು ‘ಕುಡೀತೀರಾ’ ಅಂತ ಕೇಳೋಕೆ ಎಷ್ಟೋ ಡಾಕ್ಟರುಗಳಿಗೇ ಮುಜುಗರ.

ಮಗನಿಗೆ ‘ಅದು ಪರೀಕ್ಷೆ ಅಲ್ಲ, ಮಾರ್ಕ್ಸ್ ಇಲ್ಲ, ಚಿತ್ರ ತೋರಿಸ್ತಾರೆ, ಪಜಲ್ ಕೊಡ್ತಾರೆ’ ಅನ್ನಿ. ಗಂಟೆಗಟ್ಟಲೆ ಹಿಡಿಯುತ್ತೆ, ತಿಂಡಿ ಡಬ್ಬಿ ಮರೀಬೇಡಿ. ಹಿಂದಿನ ರಾತ್ರಿ ಬೇಗ ಮಲಗಿಸಿ, ಸುಮ್ನೆ ಕೂರಿಸಿಕೊಂಡು ಮಗ್ಗಿ ಹೇಳಿಸಬೇಡಿ. ಅವನಿಗೆ ಬಾರದ್ದೂ ಅಲ್ಲಿ ಕಾಣಬೇಕು.